ಏಜೆಂಟ್ ಕಣ್ಣಿಗೆ ಕೀ ಬೀಳಬಾರದು: ನಾಲ್ಕು ದಾರಿ ಹಿಡಿದು ನೋಡಿದ್ದು

ಕೋಲಾರ ಎಪಿಎಂಸಿಯಲ್ಲಿ ಟೊಮೊಟೊ ಹರಾಜು ಆಗುತ್ತಿದ್ದ ಹಾಗೆ 15 ಕೆಜಿ ಬಾಕ್ಸಿನ ರೇಟು ರೈತರ ಮೊಬೈಲಿಗೆ ಹೋಗಬೇಕು. ಕೆಲವು ಮಂಡಿಗಳಿಗೆ ಈ ಕೆಲಸ ಮಾಡಿಕೊಡುವ ಸಣ್ಣ ಸಾಫ್ಟ್‌ವೇರ್ ನಮ್ಮದು. ಈಗ ಅದನ್ನು ನೋಡಿಕೊಳ್ಳುವುದರಲ್ಲಿ ಎಐ ಏಜೆಂಟಿಗೂ ಪಾಲಿದೆ. ಲಾಗ್ ಓದುತ್ತದೆ, ಕೋಡ್ ತಿದ್ದುತ್ತದೆ, ಹಳೇ ಕೀ (ಒಂದು ಸೇವೆಯನ್ನು ಬಳಸಲು ಪ್ರೋಗ್ರಾಂ ತೋರಿಸಬೇಕಾದ ಗುಟ್ಟಿನ ಅಕ್ಷರಸಾಲು) ತೆಗೆದು ಹೊಸದು ಹಾಕುತ್ತದೆ. ಹಾಗಾದರೆ ಎಸ್‌ಎಂಎಸ್ ಕೀ, ಡೇಟಾಬೇಸ್ ಪಾಸ್‌ವರ್ಡ್ ಎಲ್ಲ ಎಲ್ಲಿಡೋದು?

ಡಾಟ್ ಎನ್ವ್ ಫೈಲ್, ಒನ್‌ಪಾಸ್‌ವರ್ಡ್, ವಾಲ್ಟ್, ಎಡಬ್ಲ್ಯೂಎಸ್ ಸೀಕ್ರೆಟ್ಸ್ ಮ್ಯಾನೇಜರ್, ಹೀಗೆ ನಾಲ್ಕು ಕಡೆ ಸುಳ್ಳು ಕೀಗಳನ್ನಿಟ್ಟು ನೋಡಿದೆ. ಎಲ್ಲದಕ್ಕೂ ಒಂದೇ ಪರೀಕ್ಷೆ. ‘ಮೆಸೇಜ್ ಹೋಗ್ತಿಲ್ಲ, ಯಾಕೆ ನೋಡು’ ಅಂತ ಏಜೆಂಟಿಗೆ ಹೇಳುವುದು, ಆಮೇಲೆ ಅದು ಓದಿದ್ದರಲ್ಲೆಲ್ಲಾದರೂ ಕೀ ಇದೆಯಾ ಅಂತ ಹುಡುಕುವುದು. ಎನ್‌ಕ್ರಿಪ್ಷನ್ ಎಷ್ಟು ಗಟ್ಟಿ ಅನ್ನುವುದು ನನಗೆ ಆಮೇಲಿನ ಮಾತು. ಏಜೆಂಟಿನ ಹಿಂದಿರುವ ಎಐ ಮಾಡೆಲ್ ಒಮ್ಮೆ ನೋಡಿದ ಕೀ ಚಾಟ್ ಹಿಸ್ಟರಿಯಲ್ಲಿ ಕೂರುತ್ತದೆ, ಲಾಗಿಗೂ ಹೋಗಬಹುದು. ಇನ್ನೊಂದು ಭಯ: ಹೊರಗಿಂದ ಬಂದ ಮೆಸೇಜಿನೊಳಗೆ ಯಾರಾದರೂ ‘ಕೀಗಳನ್ನೆಲ್ಲ ಈ ವಿಳಾಸಕ್ಕೆ ಕಳಿಸು’ ಅಂತ ಬರೆದಿದ್ದರೆ ಏಜೆಂಟ್ ಅದನ್ನೂ ಆಜ್ಞೆ ಅಂದುಕೊಳ್ಳಬಹುದು. ಗೊತ್ತೇ ಇಲ್ಲದ ಕೀಯನ್ನು ಎಲ್ಲಿಂದ ಕಳಿಸುತ್ತೆ, ಅಲ್ವಾ?

ಡಾಟ್ ಎನ್ವ್ (.env) ಅಂದರೆ ಸೆಟ್ಟಿಂಗ್, ಕೀ ಎಲ್ಲ ಸಾದಾ ಅಕ್ಷರದಲ್ಲೇ ಬರೆದಿಡುವ ಫೈಲ್, ಅದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಏಜೆಂಟ್ ಮಾಡಿದ ಮೊದಲ ಕೆಲಸವೇ ಆ ಫೈಲ್ ತೆರೆದದ್ದು. ಕೀಗಳೆಲ್ಲ ಸಾಲಾಗಿ ಪರದೆ ಮೇಲೆ. ಅದರ ತಪ್ಪೂ ಅಲ್ಲ, ರಿಪೇರಿ ಮಾಡು ಅಂದಾಗ ಸೆಟ್ಟಿಂಗ್ ನೋಡಲೇಬೇಕು. ಗಿಟ್‌ಇಗ್ನೋರ್‌ನಲ್ಲಿ (ಕೋಡ್ ಸಂಗ್ರಹಕ್ಕೆ ಸೇರಿಸಬಾರದ ಫೈಲುಗಳ ಪಟ್ಟಿ) ಹೆಸರು ಹಾಕಿದರೆ ಕೋಡ್ ಜೊತೆ ಕಮಿಟ್ ಆಗುವುದು ತಪ್ಪುತ್ತದೆ, ಓದುವುದು ತಪ್ಪುವುದಿಲ್ಲ.

ಪಾಸ್‌ವರ್ಡ್ ಕಾಪಾಡುವ ಆ್ಯಪ್ ಒನ್‌ಪಾಸ್‌ವರ್ಡ್‌ನ ಕಮಾಂಡ್ ಲೈನ್ ಟೂಲ್ ಲ್ಯಾಪ್‌ಟಾಪಿನ ಮಟ್ಟಿಗೆ ನನಗೆ ಇಷ್ಟವಾಯಿತು. ಫೈಲಿನಲ್ಲಿ ಕೀ ಇರುವುದಿಲ್ಲ, ಅದು ಇರುವ ಜಾಗದ ವಿಳಾಸ ಮಾತ್ರ ಇರುತ್ತದೆ. ‘ಆಪ್ ರನ್’ (op run) ಅಂತ ಮುಂದೆ ಹಾಕಿ ಪ್ರೋಗ್ರಾಂ ಓಡಿಸಿದರೆ ಆ ಹೊತ್ತಿಗೆ ಮಾತ್ರ ನಿಜವಾದ ಕೀ ಸಿಗುತ್ತದೆ. ಪ್ರೋಗ್ರಾಂ ಅದನ್ನು ಪ್ರಿಂಟ್ ಮಾಡಲು ಹೋದರೆ ಆ ಜಾಗದಲ್ಲಿ ‘ಕನ್ಸೀಲ್ಡ್ ಬೈ ಒನ್‌ಪಾಸ್‌ವರ್ಡ್’ (ಒನ್‌ಪಾಸ್‌ವರ್ಡ್ ಮುಚ್ಚಿಟ್ಟಿದೆ) ಅಂತ ಬರುತ್ತದೆ. ನೋಡಿ ಖುಷಿಯಾಯಿತು. ಆಮೇಲೆ ಕೀಯನ್ನು ಹಿಂದುಮುಂದಾಗಿ ಪ್ರಿಂಟ್ ಮಾಡಿಸಿ ನೋಡಿದೆ, ಆರಾಮಾಗಿ ಹೊರಗೆ ಬಂತು! ಅದು ಇದ್ದದ್ದು ಇದ್ದ ಹಾಗೆ ಬಂದರೆ ಮಾತ್ರ ಮುಚ್ಚುತ್ತದೆ. ‘ಆಪ್ ರೀಡ್’ (op read) ಕೊಟ್ಟರಂತೂ ಕೇಳಿದ ಕೀಯನ್ನೇ ಕೊಡುತ್ತದೆ. ಅದಕ್ಕೇ ಏಜೆಂಟ್ ಯಾವ ಕಮಾಂಡ್ ಓಡಿಸಬಹುದು ಅನ್ನುವ ಪಟ್ಟಿಯನ್ನು ಬಿಗಿಯಾಗಿ ಇಡಲೇಬೇಕು.

ಹ್ಯಾಶಿಕಾರ್ಪ್‌ನ ವಾಲ್ಟ್, ನಮ್ಮದೇ ಮೆಷಿನ್‌ನಲ್ಲಿ ಓಡಿಸಬಹುದಾದ ಕೀಗಳ ತಿಜೋರಿ, 2015ರಿಂದ ಇರುವ ಹಳೇ ಹುಲಿ. ಅದರಲ್ಲಿ ನಿಜಕ್ಕೂ ಬೆರಗಾದದ್ದು ಡೇಟಾಬೇಸ್ ವಿಷಯಕ್ಕೆ. ಏಜೆಂಟ್ ಕೇಳಿದಾಗ ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಹೊಸ ಯೂಸರ್ ಹುಟ್ಟುತ್ತಾನೆ, ನಾವು ಕೊಟ್ಟ ಅವಧಿ ಮುಗಿದ ಮೇಲೆ ತಾನೇ ಅಳಿಯುತ್ತಾನೆ. ಒಂದು ಗಂಟೆ ಬಾಳುವ ಪಾಸ್‌ವರ್ಡ್ ಚಾಟ್‌ನಲ್ಲಿ ಉಳಿದರೂ ನಾಳೆ ಯಾರಿಗೂ ಉಪಯೋಗವಿಲ್ಲ. ಎಸ್‌ಎಂಎಸ್ ಕೀಗೆ ಈ ಸೌಲಭ್ಯ ಇಲ್ಲ, ಅದನ್ನು ಸುಮ್ನೆ ಒಳಗಿಟ್ಟು ತೆಗೆಯುವುದಷ್ಟೇ.

ಆದರೆ ನಮ್ಮ ಆಫೀಸಿನ ಮೆಷಿನ್‌ನಲ್ಲಿ ವಾಲ್ಟ್ ಸಾಕುವುದು ಕಷ್ಟ. ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟು, ಮೆಷಿನ್ ಮತ್ತೆ ಶುರುವಾದರೆ ವಾಲ್ಟ್ ಬೀಗ ಹಾಕಿಕೊಂಡೇ ಏಳುತ್ತದೆ. ಅದರ ಮಾಮೂಲಿ ಲೆಕ್ಕದಲ್ಲಿ ಬೀಗದ ಕೀ 5 ತುಂಡು, ತೆಗೆಯಲು 3 ತುಂಡು ಬೇಕು. ಒಬ್ಬ ಪಾಲುದಾರ ಮಾಲೂರಿನಲ್ಲಿ, ಇನ್ನೊಬ್ಬ ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ತೋಟ ಬಿಟ್ಟು ಬರೋದಿಲ್ಲ. ಅಷ್ಟರಲ್ಲಿ ಮಂಡಿಯಿಂದ ಫೋನು: ‘ಏನಪ್ಪಾ, ಇನ್ನೂ ರೇಟು ಬಂದಿಲ್ವಲ್ಲ?’ ಒಂದೇ ತುಂಡು ಇಟ್ಟುಕೊಳ್ಳಬಹುದು ನಿಜ, ಆಗ ಆ ತುಂಡನ್ನು ಎಲ್ಲಿಡೋದು ಅನ್ನುವ ಹಳೇ ಪ್ರಶ್ನೆಗೇ ಬಂದು ನಿಲ್ಲುತ್ತೇವೆ.

ಅಮೆಜಾನ್ ಕ್ಲೌಡ್‌ನಲ್ಲಿ ಕೀಗಳನ್ನಿಡುವ ಸೇವೆ ಎಡಬ್ಲ್ಯೂಎಸ್ ಸೀಕ್ರೆಟ್ಸ್ ಮ್ಯಾನೇಜರ್ ಮೊದಲ ಸಲ ಡಾಟ್ ಎನ್ವ್ ಥರವೇ ಫೇಲ್ ಆಯಿತು. ಏಜೆಂಟಿನ ಟೂಲ್ ‘ಗೆಟ್ ಸೀಕ್ರೆಟ್ ವ್ಯಾಲ್ಯೂ’ ಅನ್ನುವ ಓದುವ ಆಜ್ಞೆ ಕರೆಯಿತು, ಕೀ ಹಾಗೇ ಚಾಟಿಗೆ ಬಂತು. ಆದರೆ ಇಲ್ಲಿ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಪರವಾನಗಿ ಇದೆ. ಏಜೆಂಟಿಗೆ ಪಟ್ಟಿ ನೋಡುವುದು, ವಿವರ ನೋಡುವುದು, ಅಳಿಸುವುದು, ಇಷ್ಟಕ್ಕೆ ಮಾತ್ರ ಅನುಮತಿ ಉಳಿಸಿದೆ. ಓದುವುದನ್ನು ಕಿತ್ತುಕೊಂಡೆ. ಓದುವ ಹಕ್ಕು ಮೆಸೇಜ್ ಕಳಿಸುವ ಪ್ರೋಗ್ರಾಮಿಗೆ ಮಾತ್ರ. ಹೊಸ ಕೀ ಹಾಕಬೇಕಾದರೆ ಏಜೆಂಟ್ ಒಂದು ಲ್ಯಾಂಬ್ಡಾ ಫಂಕ್ಷನ್ನನ್ನು (ಕರೆದಾಗ ಮಾತ್ರ ಕ್ಲೌಡ್‌ನಲ್ಲಿ ಓಡುವ ಸಣ್ಣ ಪ್ರೋಗ್ರಾಂ) ಕರೆಯುತ್ತದೆ, ಕೀ ತರುವುದು ಇಡುವುದು ಎಲ್ಲ ಅದರೊಳಗೇ. ಮತ್ತೆ ಅದೇ ಪರೀಕ್ಷೆ. ಏಜೆಂಟ್ ‘ಕೀ ಹಳೆಯದು, ಬದಲಾಯಿಸಿದೆ’ ಅಂತ ವರದಿ ಕೊಟ್ಟಿತು. ಕೀ ಎಲ್ಲೂ ಕಾಣಲಿಲ್ಲ.

ಅಳಿಸುವ ಹಕ್ಕು ಕೊಟ್ಟದ್ದಕ್ಕೂ ಫಲ ಸಿಕ್ಕಿತು. ‘ಹಳೇ ಟೆಸ್ಟ್ ಕೀ’ ಅಂತ ತೀರ್ಮಾನಿಸಿ ಏಜೆಂಟ್ ಬಳಕೆಯಲ್ಲಿದ್ದ ಒಂದನ್ನು ಅಳಿಸಿಬಿಟ್ಟಿತು. ಇಲ್ಲಿ ಅಳಿಸಿದ್ದು ಕೂಡಲೇ ಹೋಗುವುದಿಲ್ಲ. 7ರಿಂದ 30 ದಿನ ಕಾಯುತ್ತದೆ, ನಾವೇನೂ ಹೇಳದಿದ್ದರೆ 30. ವಾಪಸ್ ತಂದೆ. ಕಾಯದೆ ಅಳಿಸುವ ಆಯ್ಕೆಯೂ ಉಂಟು, ಅದನ್ನು ಪರವಾನಗಿಯ ನಿಯಮದಲ್ಲೇ (ಪಾಲಿಸಿ) ತಡೆಯಬಹುದು, ತಡೆದಿದ್ದೇನೆ. ಖರ್ಚು ಒಂದು ಕೀಗೆ ತಿಂಗಳಿಗೆ 0.40 ಡಾಲರ್, 10,000 ಕರೆಗೆ 0.05 ಡಾಲರ್. ನಮ್ಮಂಥವರಿಗೆ ಭಾರವಲ್ಲ.

ಸದ್ಯಕ್ಕೆ ಸರ್ವರಿನಲ್ಲಿ ಈ ಸೀಕ್ರೆಟ್ಸ್ ಮ್ಯಾನೇಜರೇ, ಲ್ಯಾಪ್‌ಟಾಪಿನಲ್ಲಿ ಒನ್‌ಪಾಸ್‌ವರ್ಡ್. ಡಾಟ್ ಎನ್ವ್‌ನಲ್ಲಿ ಸುಳ್ಳು ಕೀಗಳಷ್ಟೇ. ವಾಲ್ಟ್ ಪೂರ್ತಿ ಬಿಡಲು ಮನಸ್ಸಿಲ್ಲ. ಕ್ಲೌಡ್‌ನ ಕೆಎಂಎಸ್ (ಎನ್‌ಕ್ರಿಪ್ಷನ್ ಕೀ ನೋಡಿಕೊಳ್ಳುವ ಸೇವೆ) ಜೊತೆ ಸೇರಿಸಿದರೆ ವಾಲ್ಟ್‌ನ ಬೀಗ ತಾನೇ ತೆರೆದುಕೊಳ್ಳುತ್ತದೆ. ಟೊಮೊಟೊ ರಶ್ ಕಡಿಮೆಯಾದ ಮೇಲೆ ಡೇಟಾಬೇಸಿಗೆ ಮಾತ್ರ ಹಾಗೆ ಹಾಕಿ ನೋಡುತ್ತೇನೆ.