ರಫ್ತಿನ ಕಾಗದಪತ್ರಗಳನ್ನು ಏಜೆಂಟರ ಕೈಗೆ ಒಪ್ಪಿಸುವ ಮುನ್ನ ಇದನ್ನು ಓದಿ

ಬ್ಯಾಡಗಿ ಮೆಣಸಿನಕಾಯಿಯನ್ನು ಚೆನ್ನೈ ಬಂದರಿನಿಂದ ಕೊಲಂಬೊಗೆ ಕಳುಹಿಸುವಾಗ ನಮಗಾದ ಮೋಸ ಇನ್ನೊಬ್ಬರಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಪ್ಯಾಕಿಂಗ್ ಲಿಸ್ಟಿನಿಂದ ಹಿಡಿದು ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ಘೋಷಣೆ), ಫೈಟೊಸ್ಯಾನಿಟರಿ ಪ್ರಮಾಣಪತ್ರದವರೆಗೆ (ಸರಕಿನಲ್ಲಿ ಕೀಟ, ರೋಗಗಳಿಲ್ಲವೆಂಬ ಸರ್ಕಾರಿ ಪತ್ರ) ಎಲ್ಲಕ್ಕೂ ಸೇರಿಸಿ ಪೂರ್ತಿ ಹಣವನ್ನು ಮುಂಗಡವಾಗಿಯೇ ಪಡೆದ ಕಸ್ಟಮ್ಸ್ ಏಜೆಂಟ್, "ಎಲ್ಲ ಪಾರ್ಟಿಯವರೂ ಕೊಡುತ್ತಾರೆ" ಎಂದು ಖಾಲಿ ಲೆಟರ್‌ಹೆಡ್‌ಗಳ ಮೇಲೆ ಸಹಿ, ಸೀಲು ಹಾಕಿಸಿಕೊಂಡರು. ಕರಡು ಕೇಳಿದಾಗಲೆಲ್ಲ "ಫೈಲ್ ಆಗಿದೆ ಸರ್, ನೀವು ನಿಶ್ಚಿಂತೆಯಿಂದಿರಿ" ಎಂಬುದೊಂದೇ ಉತ್ತರ.

ಹಡಗು ಹೊರಟ ಮೇಲೆ ಎಲ್‌ಸಿ (ದಾಖಲೆಗಳು ಸರಿಯಿದ್ದರೆ ಹಣ ಕೊಡುವುದಾಗಿ ಖರೀದಿದಾರರ ಬ್ಯಾಂಕ್ ನೀಡುವ ಭರವಸೆಪತ್ರ) ಹಣಕ್ಕಾಗಿ ದಾಖಲೆಗಳನ್ನು ಕೊಟ್ಟಾಗ, ಬ್ಯಾಂಕಿನ ಅಧಿಕಾರಿ ಪ್ಯಾಕಿಂಗ್ ಲಿಸ್ಟಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ ನನ್ನ ಮುಂದಿಟ್ಟರು. ನಾವು ತುಂಬಿಸಿದ್ದು 25 ಕಿಲೊ ಚೀಲಗಳು. ಅಲ್ಲಿದ್ದದ್ದು 40 ಕಿಲೊ. ಇನ್‌ವಾಯ್ಸ್ ಸಂಖ್ಯೆಯಂತೂ ನಮ್ಮದೇ ಅಲ್ಲ. ಬೇರೆ ಯಾರದೋ ಹಳೆಯ ಫೈಲಿನಲ್ಲಿ ನಮ್ಮ ಹೆಸರನ್ನಷ್ಟೇ ತುರುಕಿ, ನಮ್ಮದೇ ಸಹಿಯಿರುವ ಹಾಳೆಯ ಮೇಲೆ ಮುದ್ರಿಸಿದ್ದರು! ಅಷ್ಟು ಜನರೆದುರು ತಲೆಯೆತ್ತಲಾಗಲಿಲ್ಲ.

ಅಲ್ಲಿಂದಲೇ ಏಜೆಂಟರಿಗೆ ಫೋನ್ ಮಾಡಿದೆ. "ಬ್ಯಾಂಕಿನವರು ಅದನ್ನೆಲ್ಲ ನೋಡುವುದಿಲ್ಲ ಸರ್" ಎಂದರು. ಬ್ಯಾಂಕಿನವರೇ ಗುರುತು ಹಾಕಿದ್ದಾರೆ ಎಂದೆ. ಆಮೇಲೆ "ಸಿಸ್ಟಮ್ ತಪ್ಪು" ಎಂದಾಯಿತು. ಕೊನೆಗೆ, "ಸಹಿ ನಿಮ್ಮದಲ್ಲವೇ, ಜವಾಬ್ದಾರಿಯೂ ನಿಮ್ಮದೇ" ಎಂದುಬಿಟ್ಟರು. ಸಹಿ ಹಾಕಿಸಿಕೊಂಡವರೇ ಆಡಿದ ಮಾತಿದು.

ಎಲ್‌ಸಿಯಲ್ಲಿ ಬೇರೆ ಗಡುವು ಇಲ್ಲದಿದ್ದರೆ, ಎಲ್‌ಸಿಗಳಿಗೆ ಅನ್ವಯಿಸುವ ಯುಸಿಪಿ 600 ಎಂಬ ಅಂತರರಾಷ್ಟ್ರೀಯ ನಿಯಮದಂತೆ ಸರಕು ಸಾಗಿದ 21 ದಿನಗಳೊಳಗೆ, ಎಲ್‌ಸಿಯ ಅವಧಿಯೂ ಮುಗಿಯುವ ಮೊದಲೇ ದಾಖಲೆಗಳನ್ನು ಕೊಡಬೇಕು. ಏಜೆಂಟರೋ "ನಾಳೆ ಮಾಡಿಸೋಣ" ಎನ್ನುತ್ತಲೇ ಇದ್ದರು. ಶಿಪ್ಪಿಂಗ್ ಬಿಲ್ಲಿನಲ್ಲಿಯೂ ಅದೇ ಪರಕೀಯ ಸಂಖ್ಯೆ ಸೇರಿದ್ದು, ಜಿಎಸ್‌ಟಿಆರ್-1ಕ್ಕೆ (ನಮ್ಮ ಮಾರಾಟದ ಜಿಎಸ್‌ಟಿ ರಿಟರ್ನ್) ಹೊಂದದೆ, ಐಜಿಎಸ್‌ಟಿ ರೀಫಂಡ್ (ರಫ್ತಿಗೆ ಕಟ್ಟಿದ ತೆರಿಗೆಯ ವಾಪಸಾತಿ) ಎಸ್‌ಬಿ005 ಎಂಬ, ಇನ್‌ವಾಯ್ಸ್ ಸಂಖ್ಯೆ ತಾಳೆಯಾಗದ ದೋಷದಲ್ಲಿ ಸಿಲುಕಿದೆ. ಸರಕು ಹೋದ ಮೇಲೆ 1962ರ ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ, ರಫ್ತಿನ ವೇಳೆಗೆ ಅಸ್ತಿತ್ವದಲ್ಲಿದ್ದ ದಾಖಲೆಗಳ ಆಧಾರದ ಮೇಲೆ ಮಾತ್ರ ತಿದ್ದುಪಡಿ ಸಾಧ್ಯ. ನಮ್ಮ ಮೂಲ ಇನ್‌ವಾಯ್ಸ್, ತೂಕದ ಚೀಟಿಗಳು ಭದ್ರವಾಗಿವೆ. ಆದರೆ ತಾವೇ ಮಾಡಿದ ತಪ್ಪನ್ನು ತಿದ್ದಲು ಆ ಏಜೆಂಟ್ ಪ್ರತ್ಯೇಕ ಶುಲ್ಕ ಕೇಳುತ್ತಿದ್ದಾರೆ. ಪ್ರತ್ಯೇಕ ಶುಲ್ಕ!

ಖಾಲಿ ಹಾಳೆಗೆ ಯಾರೇ ಕೇಳಿದರೂ ಸಹಿ ಹಾಕಬೇಡಿ. ಶಿಪ್ಪಿಂಗ್ ಬಿಲ್ ಸಲ್ಲಿಸುವ ಮೊದಲು ಚೆಕ್‌ಲಿಸ್ಟ್ (ಅದರ ಕರಡು ಪ್ರತಿ) ತರಿಸಿಕೊಂಡು ಇನ್‌ವಾಯ್ಸ್ ಸಂಖ್ಯೆ, ಚೀಲಗಳ ಲೆಕ್ಕ, ತೂಕ ಇವನ್ನು ನೀವೇ ತಾಳೆ ನೋಡಿ. ಅದನ್ನು ಕೊಡಲು ಹಿಂದೆಮುಂದೆ ನೋಡುವ ಏಜೆಂಟರಿಂದ ಅಂದೇ ಕಾಗದಗಳನ್ನು ವಾಪಸ್ ಪಡೆಯಿರಿ.