ಮಾಡಿನ ನೀರಿಗೊಂದು ಮಳೆತೋಟ: ಮಾಡಿಸಿ ನೋಡಿದ ಅನುಭವ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ, ಗುಡ್ಡದ ಇಳಿಜಾರಿನಲ್ಲಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು. ಆದರೂ ಏಪ್ರಿಲ್ ಬಂತೆಂದರೆ ಬಾವಿಯಲ್ಲಿ ಕೊಡಪಾನ ಮುಳುಗುವುದಿಲ್ಲ. ಮಳೆಗಾಲದಲ್ಲಿ ಮಾಡಿನ (ಛಾವಣಿಯ) ನೀರು ಅಂಗಳದ ಮಣ್ಣನ್ನು ಬಾಚಿಕೊಂಡು ಕೆಂಪಗೆ ರಸ್ತೆಗೆ ಓಡುತ್ತಿತ್ತು. ಅದನ್ನು ನೋಡುವಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಹೋದ ವರ್ಷ ಮೇ ಕೊನೆಯ ಪತ್ತನಾಜೆಗೆ ಮುಂಚೆ ನೀರ್ಚಾಲು ಕಡೆಯ ಮೂವರ ತಂಡದಿಂದ ಮಳೆತೋಟ ಮಾಡಿಸಿದೆ.

ಮಳೆತೋಟ ಅಂದರೆ ಇಂಗುಗುಂಡಿ ಅಲ್ಲ. ಅಗಲವಾಗಿ, ಒಂದು ಗೇಣಿನಷ್ಟೇ ಆಳಕ್ಕೆ ತೆಗೆದು ಗಿಡ ನೆಟ್ಟ ತಗ್ಗು. ನೀರು ಅಲ್ಲಿ ಸ್ವಲ್ಪ ಹೊತ್ತು ನಿಂತು ಮಣ್ಣಿಗೆ ಇಳಿಯಬೇಕು.

ತಂಡದ ಹಿರಿಯರು ಹಿಂದೆ ನೀರಿಗಾಗಿ ಗುಡ್ಡದೊಳಗೆ ಸುರಂಗ ತೋಡುತ್ತಿದ್ದವರು. ಬಂದವರೇ ಹಾರೆ ಎತ್ತಲಿಲ್ಲ. "ಮೊದಲು ಮಣ್ಣು ನೀರು ಕುಡೀತದಾ ನೋಡುವ ಅಕ್ಕಾ" ಎಂದರು. ಅಡುಗೆಮನೆ ಹಿಂದೆ ಒಂದು ಅಡಿ ಗುಂಡಿ ತೆಗೆದು ನೀರು ತುಂಬಿಸಿದರು. ಅಡಿಯಲ್ಲಿ ಗಟ್ಟಿ ಮುರಕಲ್ಲು. ಮರುದಿನ ಬೆಳಗ್ಗೆಯೂ ನೀರು ಹಾಗೇ ಇತ್ತು. ಆ ಜಾಗ ಬಿಟ್ಟರು. ಮನೆಯ ಮೂಡುಬದಿಯಲ್ಲಿ ಎರಡು ಸಲ ನೀರು ತುಂಬಿಸಿ, ಕೋಲು ಇಟ್ಟು ಅಳೆದರು. ಗಂಟೆಗೆ ಒಂದೂವರೆ ಇಂಚು ಇಳಿಯಿತು. ಮನೆಯ ಪಂಚಾಂಗದಿಂದ (ಅಡಿಪಾಯದಿಂದ) ಹತ್ತಡಿ ದೂರ ಬಿಟ್ಟು ಅಲ್ಲೇ ಮಾಡಿದರು. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದದ್ದು ಈ ಒಂದು ದಿನದ ತಾಳ್ಮೆ.

ತೋಟ 12 ಅಡಿ ಉದ್ದ, 8 ಅಡಿ ಅಗಲ, 7 ಇಂಚು ಆಳ. ಸುಮಾರು 1,500 ಲೀಟರ್ ಹಿಡಿಸುತ್ತದೆ. ನಡುವೆ ಕೆಸು, ಬಜೆ, ಕಾಬಾಳೆ. ಅಂಚಿನಲ್ಲಿ ಲಾವಂಚ. ಅದರ ಬೇರು ಆಳಕ್ಕೆ ಇಳಿದು ಮಣ್ಣನ್ನು ಹಿಡಿಯುತ್ತದೆ. ಗಿಡ, ಪೈಪು, ಕೂಲಿ ಎಲ್ಲ ಸೇರಿ 13,000 ರೂಪಾಯಿ ಆಯಿತು.

ಒಂದು ತಪ್ಪೂ ಆಯಿತು, ಹೇಳಲೇಬೇಕು. ಮಣ್ಣು ಒಣಗದಿರಲಿ ಎಂದು ಒಣ ಎಲೆ ಹಾಸಿದ್ದರು. ಜೂನ್‌ನ ಜಡಿಮಳೆಗೆ ಎಲೆಗಳೆಲ್ಲ ತೇಲಿ ಹೊರಹೋಗುವ ಪೈಪಿನ ಬಾಯಿಗೆ ಮೆತ್ತಿಕೊಂಡವು. ನೀರು ಉಕ್ಕಿ ಪಕ್ಕದ ಮನೆಯ ಅಂಗಳಕ್ಕೆ ನುಗ್ಗಿತು. ಆ ಮನೆಯ ಅಜ್ಜಿಯ ಮುಂದೆ ನಿಲ್ಲಲು ನನಗೆ ತುಂಬಾ ಬೇಜಾರಾಯಿತು. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ: ತೋಟಕ್ಕೆ ನೀರು ಬರುವ ಮಾಡು 60 ಚದರ ಮೀಟರ್. ಒಂದು ದಿನ 100 ಮಿಲಿಮೀಟರ್ ಮಳೆ ಬಂದರೆ 6,000 ಲೀಟರ್! ನಮ್ಮ ಕಡೆ ಮಳೆತೋಟಕ್ಕೆ ಉಕ್ಕಿದ ನೀರು ಹೋಗುವ ದಾರಿ ದೊಡ್ಡದೇ ಬೇಕು.

ಫೋನ್ ಮಾಡಿದ ಮರುದಿನವೇ ಮಳೆಯಲ್ಲೇ ಬಂದರು. ಪೈಪು ಕಿತ್ತು, ಎರಡಡಿ ಅಗಲದ ಕಣಿ (ಕಾಲುವೆ) ಮಾಡಿ ಕಲ್ಲು ಹಾಸಿ ಉಕ್ಕಿದ ನೀರನ್ನು ನಮ್ಮ ಕೃಷಿ ತೋಟದ ಕಡೆಗೆ ತಿರುಗಿಸಿದರು. ಎಲೆಯ ಬದಲು ಜಲ್ಲಿ. ದುಡ್ಡು ಕೇಳಲಿಲ್ಲ.

ಸೊಳ್ಳೆ ಆಗಲಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರವಾದರೂ ಬೇಕು. ಇಲ್ಲಿ ಮಳೆ ಬಿಟ್ಟ ಆರೇಳು ಗಂಟೆಗೆ ನೀರು ಖಾಲಿ. ಬಾವಿಯ ನೀರು ಏರಿತು ಎಂದು ಒಂದೇ ವರ್ಷಕ್ಕೆ ನಾನು ಹೇಳುವುದಿಲ್ಲ. ಆದರೆ ಅಂಗಳದ ಮಣ್ಣು ಅಂಗಳದಲ್ಲೇ ಉಳಿಯಿತು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅದೇ ಕೆಸುವಿನ ಎಲೆಯಿಂದ ಅಮ್ಮ ಪತ್ರೊಡೆ ಮಾಡಿದರು.

ಬರುವ ಮೇ ತಿಂಗಳಲ್ಲಿ ಪಡುಬದಿಯ ಮಾಡಿಗೂ ಇವರಿಂದಲೇ ಮಾಡಿಸುತ್ತೇನೆ. ಒಣ ಎಲೆ ಬೇಡ ಅಂತ ಈಗಲೇ ಹೇಳಿಟ್ಟಿದ್ದೇನೆ.