ಅಪ್‌ಡೇಟ್ ಆದಮೇಲೆ ಕೈಕೊಡುವ ಫೋನು: ಯಾವ ಮದ್ದು ನಾಟುತ್ತದೆ, ಯಾವುದು ನಾಟುವುದಿಲ್ಲ

ಇದು ಯಾವುದೋ ಒಂದು ಮಾಡೆಲ್‌ನ ವಿಮರ್ಶೆಯಲ್ಲ. ಆಂಡ್ರಾಯ್ಡ್ ಫೋನಿನೊಳಗೇ ಇರುವ ರಿಪೇರಿ ಆಯ್ಕೆಗಳ ವಿಮರ್ಶೆ: ಸೇಫ್ ಮೋಡ್, ಕ್ಯಾಶೆ (ಆಪ್‌ಗಳು ಕೂಡಿಟ್ಟುಕೊಳ್ಳುವ ತಾತ್ಕಾಲಿಕ ಕಡತಗಳು) ಅಳಿಸುವುದು, ನೆಟ್‌ವರ್ಕ್ ರೀಸೆಟ್, ಫ್ಯಾಕ್ಟರಿ ರೀಸೆಟ್. ಅಪ್‌ಡೇಟ್ ಆಗಿ ಏನೋ ಕೆಟ್ಟಾಗ ಬಹಳ ಜನ ನೇರವಾಗಿ ಕೈಹಾಕುವುದು ಕೊನೆಯದಕ್ಕೆ. ದೀರ್ಘ ಬಳಕೆಯಲ್ಲಿ ಅತಿ ಕಡಿಮೆ ಉಪಯೋಗಕ್ಕೆ ಬಂದಿರುವುದೂ ಹೆಚ್ಚುಕಡಿಮೆ ಅದೇ.

ಮೊದಲ ಮದ್ದು ಸುಮ್ಮನಿರುವುದು. ತಮಾಷೆಯಲ್ಲ, ಇದಕ್ಕೆ 5ಕ್ಕೆ 5. ಅಪ್‌ಡೇಟ್ ಆದ ಎರಡು ಮೂರು ದಿನ ಫೋನು ಬೆಚ್ಚಗಾಗುವುದು, ಚಾರ್ಜ್ ಬೇಗ ಇಳಿಯುವುದು ಸಾಮಾನ್ಯವಾಗಿ ರೋಗವಲ್ಲ. ಆಪ್‌ಗಳು ವೇಗವಾಗಿ ತೆರೆಯಲೆಂದು ಆಂಡ್ರಾಯ್ಡ್ ಅವುಗಳ ಕೋಡನ್ನು ಮುಂಚೆಯೇ ಕಂಪೈಲ್ ಮಾಡಿ, ಅಂದರೆ ಪ್ರೊಸೆಸರ್ ನೇರವಾಗಿ ಓಡಿಸುವ ರೂಪಕ್ಕೆ ತಂದು, ಇಟ್ಟುಕೊಂಡಿರುತ್ತದೆ. ಸಿಸ್ಟಂ ಬದಲಾದಾಗ ಆ ಕೆಲಸದ ಬಹುಪಾಲು ಮತ್ತೆ ಆಗಬೇಕು. 2016ರ ಆಂಡ್ರಾಯ್ಡ್ 7ರಿಂದ ಈಚೆಗೆ ಇದು ಹಿನ್ನೆಲೆಯಲ್ಲಿ, ಮುಖ್ಯವಾಗಿ ಫೋನು ಚಾರ್ಜಿನಲ್ಲಿದ್ದು ಯಾರೂ ಮುಟ್ಟದಿರುವಾಗ ನಡೆಯುತ್ತದೆ. ಹಗಲಲ್ಲಿ ಅರ್ಧರ್ಧ ಗಂಟೆ ಚಾರ್ಜಿಗೆ ಹಾಕಿ ತೆಗೆಯುವವರ ಫೋನಿನಲ್ಲಿ ಈ ಕೆಲಸ ಮುಗಿಯುವುದೇ ಇಲ್ಲ, ಅವರ ದೂರೂ ಮುಗಿಯುವುದಿಲ್ಲ. ಎರಡು ರಾತ್ರಿ ವೈಫೈ ಆನ್ ಇಟ್ಟು, ಚಾರ್ಜರ್ ಚುಚ್ಚಿ, ದಪ್ಪ ಕವರ್ ತೆಗೆದು ಬಿಟ್ಟುಬಿಡಿ. ನಡುವೆ ಒಮ್ಮೆ ರೀಸ್ಟಾರ್ಟ್ ಮಾಡಿ. ಆಮೇಲೂ ಚಾರ್ಜ್ ಇಳಿಯುತ್ತಿದ್ದರೆ ಸೆಟ್ಟಿಂಗ್ಸ್‌ನ ಬ್ಯಾಟರಿ ಬಳಕೆ ಪಟ್ಟಿ ನೋಡಿ. ನೀವು ತೆರೆಯದ ಆಪ್ ಒಂದು ಮೇಲೆಯೇ ಕೂತಿದ್ದರೆ ಕಳ್ಳ ಸಿಕ್ಕಂತೆ. ಸ್ಟೋರೇಜ್ ತುಂಬಿ ತುಳುಕುತ್ತಿದ್ದರೂ ಫೋನು ನಿಧಾನವಾಗುತ್ತದೆ. ಹತ್ತರಲ್ಲಿ ಒಂದು ಪಾಲಾದರೂ ಖಾಲಿ ಇರಲಿ.

ತೆರೆದ ಕೂಡಲೇ ಮುಚ್ಚಿಕೊಳ್ಳುವ ಆಪ್‌ಗಳಿಗೆ ಮೊದಲು ಪ್ಲೇ ಸ್ಟೋರ್‌ನಲ್ಲಿ ಬಾಕಿ ಇರುವ ಅಪ್‌ಡೇಟ್‌ಗಳನ್ನೆಲ್ಲ ಹಾಕಿ. ಒಂದೇ ಸಲ ಹಲವು ಆಪ್‌ಗಳು ಬೀಳುತ್ತಿದ್ದರೆ ಅನುಮಾನ ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ ಮೇಲಿರಲಿ. ಆಪ್‌ಗಳ ಒಳಗೆ ವೆಬ್ ಪುಟ ತೋರಿಸುವ ಭಾಗ ಅದು. ಸಿಸ್ಟಂ ಜೊತೆಗಲ್ಲದೆ ಪ್ಲೇ ಸ್ಟೋರ್ ಮೂಲಕ ಬೇರೆಯಾಗಿಯೇ ಅಪ್‌ಡೇಟ್ ಆಗುತ್ತದೆ. 2021ರ ಮಾರ್ಚ್‌ನಲ್ಲಿ ಜಗತ್ತಿನಾದ್ಯಂತ ಆಂಡ್ರಾಯ್ಡ್ ಆಪ್‌ಗಳು ಸಾಲಾಗಿ ಬಿದ್ದದ್ದು ಇದರ ದೋಷದಿಂದಲೇ. ಅದನ್ನೂ ಕ್ರೋಮ್ ಅನ್ನೂ ಅಪ್‌ಡೇಟ್ ಮಾಡಿದ ಮೇಲೆ ಸರಿಹೋಯಿತು.

ಒಂದೇ ಆಪ್ ಕಾಟ ಕೊಡುತ್ತಿದ್ದರೆ ಅದರ ಸ್ಟೋರೇಜ್ ಪುಟಕ್ಕೆ ಹೋಗಿ ಕ್ಯಾಶೆ ಅಳಿಸಿ. ನಷ್ಟವಿಲ್ಲ, 5ಕ್ಕೆ 4. ಆದರೆ ಅದೇ ಪುಟದಲ್ಲಿ ಡೇಟಾ ಅಳಿಸುವ ಗುಂಡಿಯೂ ಇದೆ. ಅದನ್ನು ಒತ್ತಿದರೆ ಲಾಗಿನ್ ಹೋಗುತ್ತದೆ, ಫೋನಿನಲ್ಲಷ್ಟೇ ಇರುವ ಚಾಟ್ ಹೋಗುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟ ಪುಣ್ಯಾತ್ಮರು ಯಾರೋ!

ಸೇಫ್ ಮೋಡ್‌ಗೆ ಸಲ್ಲಬೇಕಾದ ಮರ್ಯಾದೆ ಸಿಕ್ಕಿಲ್ಲ. ಪವರ್ ಮೆನು ತೆರೆದು, ಪರದೆ ಮೇಲಿನ ಪವರ್ ಆಫ್ ಚಿಹ್ನೆಯನ್ನು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಇದು ಸಿಗುತ್ತದೆ. ನೀವು ಹಾಕಿಕೊಂಡ ಆಪ್‌ಗಳೆಲ್ಲ ಆಗ ನಿಂತಿರುತ್ತವೆ. ಅರ್ಧ ದಿನ ಹಾಗೇ ಬಳಸಿ. ತೊಂದರೆ ಮಾಯವಾದರೆ ತಪ್ಪು ಅಪ್‌ಡೇಟಿನದಷ್ಟೇ ಅಲ್ಲ, ಅದಕ್ಕೆ ಹೊಂದಿಕೊಳ್ಳದ ಯಾವುದೋ ಆಪ್‌ನದು. ಲಾಂಚರ್ (ಹೋಮ್ ಸ್ಕ್ರೀನ್ ಬದಲಿಸುವ ಆಪ್), ಬ್ಯಾಟರಿ ಉಳಿಸುತ್ತೇನೆನ್ನುವ ಆಪ್, ಕಾಲ್ ರೆಕಾರ್ಡರ್, ಪರದೆಯ ಬಣ್ಣ ಬದಲಿಸುವವು ಸಾಮಾನ್ಯ ಆರೋಪಿಗಳು. ರೀಸ್ಟಾರ್ಟ್ ಮಾಡಿ ಒಂದೊಂದಾಗಿ ತೆಗೆಯಿರಿ. ಹೋಮ್ ಸ್ಕ್ರೀನ್‌ನ ವಿಜೆಟ್‌ಗಳು ಕಳೆದುಹೋಗಬಹುದು, ಸೇಫ್ ಮೋಡ್‌ಗೆ ಹೋಗುವ ಮುಂಚೆ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. 5ಕ್ಕೆ 5.

ಎಲ್ಲರೂ ಹೇಳುವ ಕ್ಯಾಶೆ ಪಾರ್ಟಿಷನ್ (ಸಿಸ್ಟಂನ ತಾತ್ಕಾಲಿಕ ಕಡತಗಳಿಗೆ ಮೀಸಲಾದ ಭಾಗ) ಅಳಿಸುವ ಉಪಾಯಕ್ಕೆ 5ಕ್ಕೆ 1. ಆಂಡ್ರಾಯ್ಡ್ 7ರ ಜೊತೆ ಬಂದ ಎರಡು ಸ್ಲಾಟ್‌ಗಳ (ಸಿಸ್ಟಂ ಇಡುವ ಎರಡು ಪ್ರತ್ಯೇಕ ಜಾಗಗಳ) ವ್ಯವಸ್ಥೆಯಲ್ಲಿ ಹೊಸ ಆವೃತ್ತಿ ಹಿನ್ನೆಲೆಯಲ್ಲೇ ಇನ್ನೊಂದು ಸ್ಲಾಟಿಗೆ ಇಳಿಯುತ್ತದೆ. ಅದು ಬೂಟ್ ಆಗದಿದ್ದರೆ, ಅಂದರೆ ಶುರುವಾಗದಿದ್ದರೆ, ಫೋನು ತಾನೇ ಹಳೆಯದಕ್ಕೆ ಮರಳುತ್ತದೆ. ಅಂಥ ಫೋನುಗಳಲ್ಲಿ ಅಳಿಸಲು ಬೇರೆ ಕ್ಯಾಶೆ ಪಾರ್ಟಿಷನ್ನೇ ಇರುವುದಿಲ್ಲ. ಆದರೆ ಸ್ಯಾಮ್‌ಸಂಗ್ ಗ್ಯಾಲಕ್ಸಿಗಳಲ್ಲಿ ಈ ಆಯ್ಕೆ ಬಹುಕಾಲ ಉಳಿಯಿತು. ಅಲ್ಲಿಯೂ ಈಚಿನ ಮಾಡೆಲ್‌ಗಳಲ್ಲಿ ಫೋನು ಆಫ್ ಮಾಡಿ, ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ, ವಾಲ್ಯೂಮ್ ಮೇಲಿನ ಗುಂಡಿಯನ್ನೂ ಪವರ್ ಗುಂಡಿಯನ್ನೂ ಒಟ್ಟಿಗೆ ಹಿಡಿದರಷ್ಟೇ ರಿಕವರಿ ಮೆನು (ಆಂಡ್ರಾಯ್ಡ್ ಶುರುವಾಗುವ ಮುಂಚೆಯೇ ಸಿಗುವ ರಿಪೇರಿ ಪಟ್ಟಿ) ತೆರೆಯುತ್ತದೆ. ವಾಲ್ಯೂಮ್ ಗುಂಡಿಯಿಂದ ಸಾಲು ಬದಲಿಸಬೇಕು, ಪವರ್ ಒತ್ತಿ ಆರಿಸಬೇಕು. ಪಕ್ಕದ ಸಾಲೇ ಫ್ಯಾಕ್ಟರಿ ರೀಸೆಟ್, ಬೆರಳು ಜಾರಬಾರದು. ಅದೇ ಮೆನುವಿನ ರಿಪೇರ್ ಆಪ್ಸ್ ಆಯ್ಕೆ ಇದಕ್ಕಿಂತ ಉಪಯುಕ್ತ, ಅದು ಆಪ್‌ಗಳನ್ನು ಮತ್ತೆ ಅಣಿಗೊಳಿಸುತ್ತದೆ.

ಬ್ಲೂಟೂತ್ ಇಯರ್‌ಬಡ್ ಸೇರಿಕೊಳ್ಳದಿದ್ದರೆ ಎರಡೂ ಕಡೆ ಹಳೆಯ ನಂಟು ಕಳಚಬೇಕು: ಫೋನಿನಲ್ಲಿ ಫರ್ಗೆಟ್, ಇಯರ್‌ಬಡ್‌ನಲ್ಲಿ ರೀಸೆಟ್. ಒಂದೇ ಕಡೆ ಮಾಡಿ ಸೋಲುವವರೇ ಹೆಚ್ಚು. ಮೊಬೈಲ್ ಡೇಟಾ ಸತ್ತಿದ್ದರೆ ಅರ್ಧ ನಿಮಿಷ ಏರೋಪ್ಲೇನ್ ಮೋಡ್, ಆಮೇಲೆ ಎಪಿಎನ್ (ಸಿಮ್ ಕಂಪನಿಯ ಇಂಟರ್ನೆಟ್ ಸೆಟ್ಟಿಂಗ್) ಅನ್ನು ಡಿಫಾಲ್ಟ್‌ಗೆ ತರುವುದು, ಪ್ರೈವೇಟ್ ಡಿಎನ್‌ಎಸ್ (ವೆಬ್ ವಿಳಾಸ ಹುಡುಕಿಕೊಡುವ ವ್ಯವಸ್ಥೆಯ ಸೆಟ್ಟಿಂಗ್) ಆಟೋಮ್ಯಾಟಿಕ್‌ನಲ್ಲಿದೆಯೇ ಎಂದು ನೋಡುವುದು. ಇಷ್ಟಾದರೂ ಆಗದಿದ್ದಾಗ ನೆಟ್‌ವರ್ಕ್ ರೀಸೆಟ್, 5ಕ್ಕೆ 4. ಫೋಟೋ, ಮೆಸೇಜ್ ಉಳಿಯುತ್ತವೆ. ವೈಫೈ ಪಾಸ್‌ವರ್ಡ್‌ಗಳು, ಬ್ಲೂಟೂತ್ ಜೋಡಣೆಗಳು ಹೋಗುತ್ತವೆ. ಇ-ಸಿಮ್ (ಕಾರ್ಡ್ ಇಲ್ಲದ, ಫೋನಿನೊಳಗೇ ಇರುವ ಸಿಮ್) ಅಳಿಸುವ ಆಯ್ಕೆ ಕಂಡರೆ ಟಿಕ್ ಹಾಕಬೇಡಿ.

ನೋಟಿಫಿಕೇಶನ್ ತಡವಾಗಿ ಬರುತ್ತಿದ್ದರೆ ಆ ಆಪ್‌ನ ಬ್ಯಾಟರಿ ಸೆಟ್ಟಿಂಗನ್ನು ಅನ್‌ರಿಸ್ಟ್ರಿಕ್ಟೆಡ್‌ಗೆ ಬದಲಿಸಿ. ಬರುತ್ತಲೇ ಇಲ್ಲವೆಂದರೆ ಅನುಮತಿ ನೋಡಿ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ಬೇರೆ ಅನುಮತಿ ಬೇಕು.

ಪರದೆಯ ಮೇಲೆ ಹಸಿರು ಅಥವಾ ಗುಲಾಬಿ ಗೆರೆ ಎದ್ದಿದೆಯೇ? ಒಂದು ಸ್ಕ್ರೀನ್‌ಶಾಟ್ ತೆಗೆದು ಬೇರೆ ಫೋನಿನಲ್ಲಿ ತೆರೆಯಿರಿ. ಅಲ್ಲಿ ಗೆರೆ ಇಲ್ಲವೆಂದರೆ, ಬೂಟ್ ಲೋಗೋ ಮೇಲೂ ಗೆರೆ ಇದೆಯೆಂದರೆ, ಕೆಟ್ಟಿರುವುದು ಡಿಸ್‌ಪ್ಲೇ. ಯಾವ ರೀಸೆಟ್ಟಿಗೂ ಅದು ಬಗ್ಗುವುದಿಲ್ಲ, ಸರ್ವಿಸ್ ಸೆಂಟರೇ ಗತಿ.

ಇನ್ನು ಫ್ಯಾಕ್ಟರಿ ರೀಸೆಟ್. 5ಕ್ಕೆ 2, ಅದೂ ಸೇಫ್ ಮೋಡ್‌ನಲ್ಲೂ ತೊಂದರೆ ಮುಂದುವರಿದಾಗ ಮಾತ್ರ. ಇದರಿಂದ ಹಳೆಯ ಆವೃತ್ತಿ ವಾಪಸ್ ಬರುತ್ತದೆಂಬ ನಂಬಿಕೆ ಸುಳ್ಳು: ಡೇಟಾ ಅಳಿಯುತ್ತದೆ, ಆವೃತ್ತಿ ಹೊಸದೇ ಉಳಿಯುತ್ತದೆ. ಒತ್ತುವ ಮುನ್ನ ವಾಟ್ಸ್‌ಆಪ್ ಬ್ಯಾಕಪ್, ಅಥೆಂಟಿಕೇಟರ್ ಆಪ್‌ನ ಲಾಗಿನ್ ಕೋಡ್‌ಗಳನ್ನು ಬೇರೆ ಕಡೆಗೆ ಸಾಗಿಸುವುದು, ಗೂಗಲ್ ಖಾತೆಯ ಪಾಸ್‌ವರ್ಡ್ ಸರಿಯಿದೆಯೇ ಎಂದು ಇನ್ನೊಂದು ಕಡೆ ಲಾಗಿನ್ ಆಗಿ ನೋಡುವುದು, ಈ ಮೂರೂ ಆಗಿರಬೇಕು. ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ ಫೋನು ಮತ್ತೆ ಅದೇ ಖಾತೆ ಕೇಳುತ್ತದೆ. ಪಾಸ್‌ವರ್ಡ್ ಮರೆತಿದ್ದರೆ ಒಳಗೆ ಬಿಡುವುದಿಲ್ಲ. ರೀಸೆಟ್ ಆದಮೇಲೆ ಬ್ಯಾಕಪ್‌ನಿಂದ ಎಲ್ಲ ಆಪ್‌ಗಳನ್ನೂ ಒಟ್ಟಿಗೆ ಇಳಿಸಬೇಡಿ, ತೊಂದರೆ ಕೊಟ್ಟದ್ದೂ ಜೊತೆಗೇ ಬರುತ್ತದೆ. ಒಂದು ದಿನ ಖಾಲಿ ಫೋನನ್ನೇ ಬಳಸಿ, ಆಮೇಲೆ ದಿನಕ್ಕೆ ನಾಲ್ಕೈದು ಆಪ್‌ನಂತೆ ಹಾಕುತ್ತ ಹೋಗಿ.